ಎತ್ತಿ ಕುಡಿಯುವ ದೊಡ್ಡಪ್ಪನ ಮೂಗಿಗೆ ನಳಿಕೆ

ಜುಲೈ ಹದಿನಾಲ್ಕು, ಸೋಮವಾರ, ಬೆಳಿಗ್ಗೆ ಹನ್ನೊಂದು ಇಪ್ಪತ್ತು. ಅರಸೀಕೆರೆಯ ಒಂದು ಆಸ್ಪತ್ರೆಯ ಮೊದಲ ಮಹಡಿಯಲ್ಲಿ, ಕಿಟಕಿ ಪಕ್ಕದ ಹಾಸಿಗೆಯ ಮೇಲೆ ನಮ್ಮ ದೊಡ್ಡಪ್ಪನನ್ನು ನೆಟ್ಟಗೆ ಕೂರಿಸಿ, ಎದೆಗೆ ಟವೆಲ್ ಹಾಸಿ, ಸಿಸ್ಟರ್ ಅವರ ಮೂಗಿಗೆ ನಳಿಕೆ ಹಾಕಲು ಶುರು ಮಾಡಿದರು. ಅದು ಹೊಟ್ಟೆ ತಲುಪುವಾಗ ಹನ್ನೆರಡು ದಾಟಿತ್ತು. ನನಗೆ ದಿನಾಂಕ, ಹೊತ್ತು, ಲೆಕ್ಕ ಬರೆದಿಡುವ ಅಭ್ಯಾಸವಿದೆ. ಎಂಟನೇ ತರಗತಿಯಿಂದ ಬಂದದ್ದು. ಆ ದಿನದ ಪುಟದಲ್ಲಿ ಮಾತ್ರ ಹನ್ನೊಂದು ಇಪ್ಪತ್ತರ ನಂತರ ಬಹಳ ಹೊತ್ತು ಏನೂ ಇಲ್ಲ. ನನ್ನ ಎರಡೂ ಕೈ ದೊಡ್ಡಪ್ಪನ ಎಡಗೈಯನ್ನು ಹಿಡಿದುಕೊಂಡಿದ್ದವು. ಆ ಖಾಲಿ ಜಾಗವನ್ನು ಈಗ ತುಂಬುತ್ತಿದ್ದೇನೆ.

ದೊಡ್ಡಪ್ಪನಿಗೆ ಎಪ್ಪತ್ತೊಂದು ವರ್ಷ. ಹಳೇಬೀಡಿನ ಸುತ್ತಮುತ್ತಲ ಪ್ರಾಥಮಿಕ ಶಾಲೆಗಳಲ್ಲಿ ಮೇಷ್ಟರಾಗಿದ್ದು ನಿವೃತ್ತರಾದವರು. ಹುಲಿಕೆರೆಯಲ್ಲಿ ನಮ್ಮ ಮನೆಯವರು ನೋಡಿಕೊಳ್ಳುವ ಸಣ್ಣ ಈಶ್ವರನ ಗುಡಿಯ ಪೂಜೆಯನ್ನು ಈಗಲೂ ಅವರೇ ಮಾಡುತ್ತಾರೆ. ನಾನು ಅವರ ತಮ್ಮನ ಮಗಳು. ಹಳೇಬೀಡಿನಲ್ಲಿ ಅವರ ಮನೆಯಲ್ಲೇ ಇದ್ದುಕೊಂಡು ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ.

ಭಾನುವಾರ ಮಧ್ಯಾಹ್ನದ ಊಟದ ನಂತರ ಅವರಿಗೆ ಹೊಟ್ಟೆ ಉಬ್ಬರಿಸಿಕೊಂಡು ವಾಂತಿ ಶುರುವಾಯಿತು. ಮೊದಲು ಊಟ ಬಂತು, ಆಮೇಲೆ ಬರೀ ಹಸಿರು ನೀರು. ಓಮದ ಕಷಾಯವೂ ನಿಲ್ಲಲಿಲ್ಲ. ಬೆಳಕು ಹರಿಯುತ್ತಿದ್ದಂತೆ ಬಾಡಿಗೆ ಕಾರು ಮಾಡಿಕೊಂಡು ಜಾವಗಲ್ ಮೇಲೆ ಅರಸೀಕೆರೆಗೆ ಬಂದೆವು. ಅಲ್ಲಿ ದೊಡ್ಡಮ್ಮನ ತಮ್ಮನ ಮನೆ ಇದೆ, ಆಸ್ಪತ್ರೆಗೆ ಊಟ, ಬಟ್ಟೆ ತಂದುಕೊಡಲು ಅನುಕೂಲ ಎಂದು.

ಸರ್ಜನ್ ಹೊಟ್ಟೆ ಒತ್ತಿ ನೋಡಿದರು, ಎಕ್ಸ್‌ರೇ ತೆಗೆಸಿದರು, ಬಲಗಡೆಯ ಹಳೆಯ ಹೊಲಿಗೆಯ ಗುರುತಿನ ಮೇಲೆ ಬೆರಳಿಟ್ಟು ಇದು ಯಾವಾಗಿನದು ಎಂದು ಕೇಳಿದರು. ನಾನು ಹುಟ್ಟುವ ಮುಂಚೆಯೇ ಬೇಲೂರಿನಲ್ಲಿ ದೊಡ್ಡಪ್ಪನಿಗೆ ಅಪೆಂಡಿಕ್ಸ್ ಆಪರೇಷನ್ ಆಗಿತ್ತು.

"ಒಳಗೆ ಗಾಯ ಮಾಗುವಾಗ ಕರುಳು ಅಲ್ಲಲ್ಲಿ ಅಂಟಿಕೊಂಡಿರತ್ತೆ. ಯಾರ ತಪ್ಪೂ ಅಲ್ಲ," ಎಂದರು. "ಈಗ ಅಂಥ ಒಂದು ಕಡೆ ಮಡಚಿಕೊಂಡಿದೆ. ತೋಟದ ಪೈಪು ಮಡಚಿಕೊಂಡ್ರೆ ನೀರು ನಿಂತುಬಿಡಲ್ವಾ, ಹಾಗೆ. ಮೂಗಿಂದ ನಳಿಕೆ ಹಾಕಿ ಹೊಟ್ಟೆ ಖಾಲಿ ಮಾಡಿ, ಕರುಳಿಗೆ ಎರಡು ಮೂರು ದಿನ ವಿಶ್ರಾಂತಿ ಕೊಟ್ರೆ ಎಷ್ಟೋ ಸಲ ತಾನೇ ಬಿಡಿಸ್ಕೊಳ್ಳತ್ತೆ."

"ಬಿಡಿಸ್ಕೊಳ್ಳಲಿಲ್ಲ ಅಂದ್ರೆ?" ದೊಡ್ಡಮ್ಮ ಕೇಳಿದರು.

"ಆಪರೇಷನ್ನು. ಆದ್ರೆ ಇವರ ಹಾರ್ಟ್ ರಿಪೋರ್ಟ್ ನೋಡಿದ್ರೆ ಅಲ್ಲಿವರೆಗೂ ಹೋಗೋದು ನನಗಿಷ್ಟ ಇಲ್ಲಮ್ಮ. ಟೇಬಲ್ ಮೇಲೆ ಏನಾದ್ರೂ ಆಗಬಹುದು. ಅದಕ್ಕೇ ನಳಿಕೆ ಮೇಲೆ ನನಗೆ ಅಷ್ಟು ಆಸೆ."

ಎರಡು ವರ್ಷದ ಹಿಂದೆ ದೊಡ್ಡಪ್ಪನಿಗೆ ಹೃದಯಾಘಾತವಾಗಿ, ಗುಡಿಯ ಮೆಟ್ಟಿಲು ಹತ್ತಿದರೂ ಏದುಸಿರು ಬರುವ ಸ್ಥಿತಿ. ದೊಡ್ಡಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, "ಹಾಗಾದ್ರೆ ಮಂಪರು ಕೊಟ್ಟು ನಳಿಕೆ ಹಾಕಿಬಿಡಿ ಡಾಕ್ಟ್ರೇ, ಇವರಿಗೆ ಗೊತ್ತೇ ಆಗದ ಹಾಗೆ," ಎಂದರು.

"ಅದೇ ಆಗಲ್ಲ. ಎಚ್ಚರವಾಗಿದ್ದು ಅವರೇ ನುಂಗಬೇಕು. ನುಂಗಿದ್ರೆ ಅದು ಅನ್ನದ ದಾರಿ ಹಿಡಿಯತ್ತೆ. ಇಲ್ಲಾಂದ್ರೆ ಉಸಿರಿನ ದಾರಿಗೆ ಹೋಗಿಬಿಡತ್ತೆ."

ಆಸ್ಪತ್ರೆಯವರು ಅದಕ್ಕೆ ರೈಲ್ಸ್ ಟ್ಯೂಬ್ ಎನ್ನುತ್ತಾರೆ. ಸಿಸ್ಟರ್ ಅದನ್ನು ಕವರಿನಿಂದ ತೆಗೆದು ಮೊದಲು ದೊಡ್ಡಪ್ಪನ ಕೈಗೇ ಕೊಟ್ಟರು. "ಮುಟ್ಟಿ ನೋಡಿ ಮೇಷ್ಟ್ರೇ. ಮೆತ್ತಗಿದೆ, ಚುಚ್ಚಲ್ಲ." ಆಮೇಲೆ ಮೂಗಿನ ತುದಿಯಿಂದ ಕಿವಿಯ ಹಾಲೆಗೆ, ಅಲ್ಲಿಂದ ಎದೆಗೂಡು ಮುಗಿಯುವ ಜಾಗಕ್ಕೆ ಹಿಡಿದು ಅಳೆದು, ಅಷ್ಟುದ್ದಕ್ಕೆ ನಳಿಕೆಯ ಮೇಲೆ ಪ್ಲಾಸ್ಟರಿನ ಗುರುತು ಅಂಟಿಸಿದರು.

"ಟೈಲರ್ ಅಳೆದ ಹಾಗೆ ಅಳೀತೀಯಲ್ಲಮ್ಮ," ಎಂದರು ದೊಡ್ಡಪ್ಪ. ಆ ಸಂಕಟದಲ್ಲೂ.

"ಅಳತೆ ತಪ್ಪಿದ್ರೆ ನೀವೇ ತಿದ್ದಿ ಸೊನ್ನೆ ಹಾಕ್ತೀರಲ್ಲ, ಅದಕ್ಕೆ ಭಯ."

ಒಂದೊಂದೇ ಹೊಳ್ಳೆ ಮುಚ್ಚಿಸಿ ಉಸಿರಾಡಿಸಿ, ಬಲಗಡೆಯದು ಸಲೀಸಾಗಿದೆ ಎಂದು ಆರಿಸಿದರು. ಮರಗಟ್ಟಿಸುವ ಜೆಲ್ಲಿ ಹಾಕಿದರು. ಸಾಕು ಅನಿಸಿದರೆ ಎಡಗೈ ಎತ್ತಿ, ನಾನು ನಿಲ್ಲಿಸುತ್ತೇನೆ ಎಂದು ಹೇಳಿ, ಆ ಕೈಯನ್ನು ಹಿಡಿದುಕೊಳ್ಳಲು ನನಗೆ ಒಪ್ಪಿಸಿದರು. ಗಂಟಲವರೆಗೆ ನಾನು ತಳ್ಳುತ್ತೇನೆ ಎಂದರು ಸಿಸ್ಟರ್. ಅಲ್ಲಿಂದ ಮುಂದೆ ತಲೆ ಬಗ್ಗಿಸಿ, ಗದ್ದ ಎದೆಗೆ ತಾಗಿಸಿಕೊಂಡು, ನಾನು 'ನುಂಗಿ' ಅಂದಾಗಲೆಲ್ಲ ಒಂದೊಂದು ಗುಟುಕು ನೀರು ನುಂಗಬೇಕು, ಕುಡಿದ ನೀರೆಲ್ಲ ಹೇಗೂ ನಳಿಕೆಯಲ್ಲೇ ವಾಪಸ್ ಬರುತ್ತದೆ, ಹೆದರಬೇಡಿ ಎಂದರು. ಇಷ್ಟು ಹೇಳಿ, ಸ್ಟ್ರಾ ಹಾಕಿದ ಪೇಪರ್ ಕಪ್ಪನ್ನು ಮುಂದೆ ಹಿಡಿದರು.

ದೊಡ್ಡಪ್ಪ ಅದನ್ನು ನೋಡಿ ನನ್ನ ಮುಖ ನೋಡಿದರು. "ಕಚ್ಚಿ ಕುಡಿಯೋದು ನನಗೆ ಅಭ್ಯಾಸ ಇಲ್ಲಮ್ಮ."

ನಮ್ಮ ಮನೆಯಲ್ಲಿ ಲೋಟ ತುಟಿಗೆ ತಾಗಿಸಿದರೆ ಅದು ಕಚ್ಚಿ ಕುಡಿದಂತೆ, ಲೋಟ ಎಂಜಲಾದಂತೆ. ಎಲ್ಲರೂ ಎತ್ತಿಯೇ ಕುಡಿಯುವುದು: ತಲೆ ಹಿಂದಕ್ಕೆ ಬಾಗಿಸಿ, ಲೋಟವನ್ನು ಒಂದು ಗೇಣು ಮೇಲೆ ಹಿಡಿದು, ಧಾರೆಯನ್ನು ನೇರ ಗಂಟಲಿಗೆ ಬಿಟ್ಟುಕೊಳ್ಳುವುದು. ನನಗೆ ಕಾಲೇಜಿಗೆ ಬಂದ ಮೇಲೆ ಬಾಟಲಿಗೆ ಬಾಯಿ ಹಾಕುವ ರೂಢಿಯಾಯಿತು. ದೊಡ್ಡಪ್ಪನದು ಮಡಿಯ ಹಟವೇನಲ್ಲ. ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ಒಂದೇ ಮಡಕೆ, ಒಂದೇ ಲೋಟ ಇದ್ದ ಕಾಲದಲ್ಲಿ ಅವರೇ ಸಾಲಾಗಿ ನಿಲ್ಲಿಸಿ ಎತ್ತಿ ಕುಡಿಯುವುದನ್ನು ಕಲಿಸುತ್ತಿದ್ದರಂತೆ. ಒಟ್ಟಿನಲ್ಲಿ ಅವರ ಗಂಟಲಿಗೆ ಗೊತ್ತಿದ್ದುದು ಅದೊಂದೇ ರೀತಿ.

ದೊಡ್ಡಮ್ಮ ಬ್ಯಾಗಿನಿಂದ ಮನೆಯ ಸ್ಟೀಲ್ ಲೋಟ ತೆಗೆದುಕೊಟ್ಟರು. "ಯಾವುದರಲ್ಲಾದ್ರೂ ಸರಿ," ಎಂದರು ಸಿಸ್ಟರ್. ಹೀಗೆ ಶುರುವಾಯಿತು.

ನಳಿಕೆ ಮೂಗಿನೊಳಗೆ ನಾನಂದುಕೊಂಡ ಹಾಗೆ ಮೇಲಕ್ಕೆ ಹೋಗಲಿಲ್ಲ. ನೇರ ಹಿಂದಕ್ಕೆ, ಕಿವಿಯ ಕಡೆಗೆ ಹೋಯಿತು. ದೊಡ್ಡಪ್ಪನ ಕಣ್ಣಿಂದ ನೀರು ಇಳಿಯಿತು. ಗಂಟಲು ತಲುಪಿದಾಗ ಓಕರಿಕೆ ಬಂತು. ಸಿಸ್ಟರ್ ನಿಲ್ಲಿಸಿದರು, ಎರಡು ಉಸಿರು ಎಳೆದುಕೊಳ್ಳಲು ಬಿಟ್ಟರು, ತಲೆಯನ್ನು ಮೆಲ್ಲಗೆ ಮುಂದಕ್ಕೆ ಬಗ್ಗಿಸಿದರು. "ಈಗ ನೀರು. ನುಂಗಿ."

ಲೋಟ ಕೈಗೆ ಬಂದದ್ದೇ ತಡ, ದೊಡ್ಡಪ್ಪನ ತಲೆ ಹಿಂದಕ್ಕೆ ಹೋಯಿತು, ಲೋಟ ಮೇಲೆದ್ದಿತು, ನೀರು ಧಾರೆಯಾಗಿ ಬಿತ್ತು. ಮರುಕ್ಷಣ ಅವರು ಕೆಮ್ಮಿದ ರೀತಿಯನ್ನು ನಾನು ಮರೆಯುವುದಿಲ್ಲ. ಮುಖ ಕೆಂಪಾಗಿ, ಆಮೇಲೆ ಕಪ್ಪಾಗಿ, ಬಾಯಿ ತೆರೆದರೂ ದನಿಯೇ ಹೊರಡಲಿಲ್ಲ. ಅವರು ಕೈ ಎತ್ತುವ ಮೊದಲೇ ಸಿಸ್ಟರ್ ನಳಿಕೆಯನ್ನು ಪೂರ್ತಿ ಹೊರಗೆಳೆದುಬಿಟ್ಟಿದ್ದರು. "ದಾರಿ ತಪ್ಪಿತು. ಏನೂ ಆಗಿಲ್ಲ. ಉಸಿರಾಡಿ, ಉಸಿರಾಡಿ."

ಸ್ವಲ್ಪ ಹೊತ್ತು ಬಿಟ್ಟು ಎರಡನೇ ಸಲ. ಗದ್ದ ಬಗ್ಗಿಸಿಯೇ ಇರಬೇಕು ಎಂದು ಸಿಸ್ಟರ್ ಮೂರು ಸಲ ಹೇಳಿದರು, ದೊಡ್ಡಪ್ಪ ಮೂರು ಸಲವೂ ಆಯಿತು ಎಂದು ತಲೆಯಾಡಿಸಿದರು. ದೊಡ್ಡಮ್ಮ ಹಿಂದೆ ನಿಂತು ಅವರ ತಲೆಯನ್ನು ಹಿಡಿದುಕೊಂಡರು. ಆದರೂ ನೀರಿನ ಲೋಟ ಕಂಡೊಡನೆ ಕತ್ತು ದೊಡ್ಡಮ್ಮನ ಕೈಯನ್ನೂ ತಳ್ಳಿಕೊಂಡು ಹಿಂದಕ್ಕೆ ಹೋಯಿತು. ಈ ಸಲ ನಳಿಕೆ ಬಾಯಲ್ಲೇ ಸುರುಳಿ ಸುತ್ತಿಕೊಂಡು ನಾಲಿಗೆಯ ಮೇಲೆ ಬಂತು. ಹೊಳ್ಳೆಯಿಂದ ಸ್ವಲ್ಪ ರಕ್ತವೂ ಬಂತು.

ದೊಡ್ಡಪ್ಪ ಟವೆಲಿನಿಂದ ಮೂಗು ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದರು. "ಸಾಕು. ನನ್ನ ಹೀಗೇ ಬಿಟ್ಟುಬಿಡಿ. ಆಗೋದಾಗಲಿ."

"ಏನು ಮಾತೂಂತ ಆಡ್ತೀರಿ? ಆಗೋದಾಗಲಿ ಅನ್ನಕ್ಕೆ ನೀವೊಬ್ಬರೇ ಏನು?" ಎಂದರು ದೊಡ್ಡಮ್ಮ.

ಪಕ್ಕದ ಹಾಸಿಗೆಯಲ್ಲಿ ಹಗರೆ ಕಡೆಯ ರೈತರೊಬ್ಬರು ಮಲಗಿದ್ದರು, ಅವರ ಮೂಗಿನಲ್ಲೂ ಅಂಥದೇ ನಳಿಕೆ. ಅವರ ಹೆಂಡತಿ ನೆಲದ ಮೇಲೆ ಕೂತು ಕಿತ್ತಳೆ ಸುಲಿಯುತ್ತಿದ್ದವರು ಎದ್ದು ಬಂದರು. "ಹೆದರ್ಕೋಬ್ಯಾಡಿ ಸಾಮೇರೇ. ನಮ್ಮನೆಯೋರು ಹಾಕೋವಾಗ ಈ ಸಿಸ್ಟರವ್ವನ ಕೈ ಕಚ್ಚೋಕೇ ಹೋಗಿದ್ರು. ಈಗ ನೋಡಿ, ಎಂಗೆ ಗೊರಕೆ ಹೊಡೀತಾವ್ರೆ. ಒಳಿಕ್ಕೋದ್ಮ್ಯಾಕೆ ಏನೂ ಇಲ್ಲ, ಒಂದು ಗಳಿಗೆ ಅಷ್ಟೇಯ."

ದೊಡ್ಡಪ್ಪ ತಿರುಗಲಿಲ್ಲ. ಸರ್ಜನ್ ಬಾಗಿಲವರೆಗೆ ಬಂದು ಸಿಸ್ಟರ್ ಮುಖ ನೋಡಿದರು. ಸಿಸ್ಟರ್, "ಹತ್ತು ನಿಮಿಷ ಕೊಡಿ ಸಾರ್," ಎಂದರು. ಇನ್ನೆರಡು ಜನರನ್ನು ಕರೆದು ಕೈ ಹಿಡಿಸಿ ಎಂದು ಅವರು ಹೇಳಬಹುದಿತ್ತು. ಹೇಳಲಿಲ್ಲ. ಸ್ಟೂಲ್ ಎಳೆದುಕೊಂಡು ಹಾಸಿಗೆಯ ಪಕ್ಕ ಕೂತರು. ಗ್ಲೌಸ್ ಬಿಚ್ಚಿದರು. ಏನೂ ಅವಸರವಿಲ್ಲದವರಂತೆ ದೊಡ್ಡಮ್ಮನನ್ನು ಕೇಳಿದರು: "ಅಮ್ಮಾ, ಇವರು ತಲೆ ಬಗ್ಗಿಸಿ ಏನನ್ನಾದ್ರೂ ಕುಡಿಯೋದು ಉಂಟಾ? ಕಾಫಿ?"

"ಕಾಫೀನೂ ಎತ್ತೇ. ಬಿಸಿ ಕಾಫಿ ಕಣ್ರೀ, ಆರಿಸಿ ಆರಿಸಿ ಎತ್ತಿ ಕುಡೀತಾರೆ."

"ಮಜ್ಜಿಗೆ? ಪಾಯಸ?"

"ಪಾಯಸಾನ ಎಲೆಯಿಂದ ಕೈಯಲ್ಲಿ ಬಳೀತಾರೆ. ಆದ್ರೆ ಅದು ಕುಡಿಯೋದಾಯ್ತಾ?" ದೊಡ್ಡಮ್ಮ ತಮ್ಮ ಬಲಗೈಯನ್ನೇ ನೋಡಿಕೊಂಡರು. "ತೀರ್ಥ. ತೀರ್ಥ ತಗೊಳ್ಳೋವಾಗ ತಲೆ ಬಗ್ಗಿಸ್ತಾರೆ."

ತೀರ್ಥವನ್ನು ಯಾರೂ ಎತ್ತಿ ಕುಡಿಯುವುದಿಲ್ಲ. ಬಲಗೈಯ ಬೆರಳು ಮಡಚಿ ಅಂಗೈಯನ್ನು ಹಳ್ಳ ಮಾಡಿ ಹಿಡಿದು, ಬಿದ್ದ ನೀರನ್ನು ತಲೆ ತಗ್ಗಿಸಿ ಸದ್ದಿಲ್ಲದೆ ಹೀರಿಕೊಳ್ಳುತ್ತೇವೆ. ಗದ್ದ ತಾನಾಗಿ ಎದೆಯ ಕಡೆಗೆ ಹೋಗುತ್ತದೆ. ಸಿಸ್ಟರ್‌ಗೂ ಅದು ಗೊತ್ತಿದ್ದದ್ದೇ. ಕೂತಲ್ಲೇ ತಮ್ಮ ಕೈಯನ್ನು ಹಾಗೆ ಹಿಡಿದು, ತಲೆ ತಗ್ಗಿಸಿ ನೋಡಿ, ನಕ್ಕುಬಿಟ್ಟರು. "ಇದಕ್ಕಿಂತ ಇನ್ನೇನು ಬೇಕು?"

ದೊಡ್ಡಪ್ಪ ಗೋಡೆಯ ಕಡೆಯಿಂದಲೇ, "ಸ್ನಾನ ಇಲ್ಲ, ಸಂಧ್ಯೆ ಇಲ್ಲ. ಇದೆಂಥ ತೀರ್ಥ?" ಎಂದರು.

"ತೀರ್ಥ ಅಂತ ಯಾರಂದ್ರು? ನೀರು ರೀ ಅದು," ಎಂದರು ದೊಡ್ಡಮ್ಮ. "ಅಭ್ಯಾಸ ಇರೋದು ನಿಮ್ಮ ಕೈಗೆ. ಕೈ ನೀಡಿ."

"ದಿನಾ ಊರಿಗೆಲ್ಲ ಕೊಡೋರು ನೀವು ಮೇಷ್ಟ್ರೇ. ಇವತ್ತು ಒಂದು ದಿನ ತಗೊಳ್ಳಿ," ಎಂದರು ಸಿಸ್ಟರ್. ಇನ್ನೊಂದು ಸಲ ಪ್ರಯತ್ನ ಮಾಡುತ್ತೇನೆ, ಆಗದಿದ್ದರೆ ನಾನೇ ಸರ್ಜನ್‌ಗೆ ಹೇಳುತ್ತೇನೆ, ನಿಮ್ಮನ್ನು ಪೀಡಿಸುವುದಿಲ್ಲ ಎಂದೂ ಸೇರಿಸಿದರು. ದೊಡ್ಡಪ್ಪ ಗೋಡೆಯ ಕಡೆಯಿಂದ ಈಚೆ ತಿರುಗಿದರು. ಆಮೇಲೆ ತಾವೇ ದಿಂಬಿಗೆ ಒರಗಿ ನೆಟ್ಟಗೆ ಕೂತರು.

ಈ ಸಲ ಎಡ ಹೊಳ್ಳೆ. ಹೊಸ ಗ್ಲೌಸ್, ಹೊಸ ಜೆಲ್ಲಿ. ಲೋಟವನ್ನು ದೊಡ್ಡಮ್ಮ ಬ್ಯಾಗಿನೊಳಗೆ ಹಾಕಿ ಜಿಪ್ ಎಳೆದರು. ಸಿಸ್ಟರ್ ಸೂಜಿಯಿಲ್ಲದ ಸಿರಿಂಜಿನಲ್ಲಿ ನೀರು ತುಂಬಿ ದೊಡ್ಡಮ್ಮನ ಕೈಗೆ ಕೊಟ್ಟಿದ್ದರು. ನಳಿಕೆ ಗಂಟಲು ಮುಟ್ಟಿತು, ಓಕರಿಕೆ ಬಂತು, ಸಿಸ್ಟರ್ ಕಾದರು. "ಕೈ ನೀಡಿ."

ದೊಡ್ಡಪ್ಪನ ಬಲಗೈ ಹಳ್ಳವಾಗಿ ಮುಂದೆ ಬಂತು. ದೊಡ್ಡಮ್ಮ ಒಂದು ಚಮಚೆಯಷ್ಟು ನೀರು ಬಿಟ್ಟರು. ತಲೆ ತಗ್ಗಿತು. ಅವರು ಹೀರಿ ನುಂಗಿದರು, ಅದೇ ಕ್ಷಣಕ್ಕೆ ಸಿಸ್ಟರ್ ಕೈ ಮುಂದೆ ಸರಿಯಿತು. ಕೆಮ್ಮಿಲ್ಲ. ಮತ್ತೊಂದು. ಮತ್ತೊಂದು.

ಮೂರಾಯಿತು. ತೀರ್ಥ ಮೂರೇ ಸಲ. ಮೂರನೆಯದು ಆದ ಮೇಲೆ ಒದ್ದೆ ಕೈಯನ್ನು ನೆತ್ತಿಗೆ ಒರೆಸಿಕೊಳ್ಳುವುದೂ ಪದ್ಧತಿ. ದೊಡ್ಡಪ್ಪನ ಬಲಗೈ ಮೂಗಿನ ಮುಂದಿನಿಂದಲೇ, ನೇತಾಡುತ್ತಿದ್ದ ನಳಿಕೆಯ ಕಡೆಗೇ ಎದ್ದಿತು.

"ಕೈ! ಕೈ!" ಎಂದು ಸಿಸ್ಟರ್ ಕೂಗಿದರು. ದೊಡ್ಡಮ್ಮ ಮಣಿಕಟ್ಟನ್ನು ಹಿಡಿದುಕೊಂಡರು. "ಇನ್ನೂ ಮುಗಿದಿಲ್ಲ ರೀ! ಇವತ್ತು ಮೂರಕ್ಕೆ ನಿಲ್ಲಲ್ಲ!"

"ಇನ್ನೊಂದೀಟು ಉಳಿದೈತಂತೆ, ತಗೊಂಬಿಡಿ ಸಾಮೇರೇ," ಎಂದು ಹಗರೆಯ ಆ ತಾಯಿ ತಾವೂ ಕೈಯನ್ನು ಹಳ್ಳ ಮಾಡಿ ತೋರಿಸಿದರು.

ಇನ್ನೆರಡು ಸಲ ನುಂಗಿದ ಮೇಲೆ ಪ್ಲಾಸ್ಟರಿನ ಗುರುತು ಹೊಳ್ಳೆಯ ಅಂಚಿಗೆ ಬಂತು. "ಏನಾದ್ರೂ ಮಾತಾಡಿ," ಎಂದರು ಸಿಸ್ಟರ್. ದನಿ ಹೊರಟರೆ ನಳಿಕೆ ಉಸಿರಿನ ದಾರಿಯಲ್ಲಿ ಇರಲಾರದು ಎಂದು ಮೊದಲ ಅಂದಾಜಂತೆ.

"ನಿನಗೆ ನೂರಕ್ಕೆ ನೂರು," ಎಂದರು ದೊಡ್ಡಪ್ಪ. ದನಿ ಗೊಗ್ಗರಾಗಿತ್ತು. ನಾವೆಲ್ಲ ನಕ್ಕೆವು, ದೊಡ್ಡಮ್ಮ ಅಳುತ್ತಲೇ ನಕ್ಕರು.

ಸಿಸ್ಟರ್ ಸಿರಿಂಜ್ ಹಾಕಿ ಎಳೆದಾಗ ಹಸಿರು ನೀರು ಬಂತು. ಮೂಗಿಗೆ ಪ್ಲಾಸ್ಟರ್ ಸುತ್ತಿ ನಳಿಕೆ ಭದ್ರಪಡಿಸಿ, ತುದಿಗೆ ಚೀಲ ಜೋಡಿಸಿದರು. ಎಕ್ಸ್‌ರೇ ನೋಡಿದ ಮೇಲೆ ಸರ್ಜನ್ ಸರಿಯಾದ ಜಾಗದಲ್ಲಿದೆ ಎಂದರು. ಒಂದು ಗಂಟೆಯೊಳಗೆ ಚೀಲದಲ್ಲಿ ಎಂಟುನೂರು ಎಂ.ಎಲ್. ಮದ್ದಳೆಯಂತಿದ್ದ ಹೊಟ್ಟೆ ಕಣ್ಣಿಗೆ ಕಾಣುವಷ್ಟು ಇಳಿಯಿತು. ದೊಡ್ಡಪ್ಪ ಹಿಂದಿನ ದಿನದಿಂದ ಮೊದಲ ಬಾರಿಗೆ ನಿದ್ದೆ ಮಾಡಿದರು.

ಚೀಲದಲ್ಲಿ ಎಷ್ಟು ಬಂತು, ಡ್ರಿಪ್ಪಿನಲ್ಲಿ ಎಷ್ಟು ಹೋಯಿತು ಎಂದು ಬರೆಯುವ ಕೆಲಸವನ್ನು ಸಿಸ್ಟರ್ ನನಗೂ ಕೊಟ್ಟರು. ನನಗೆ ಅದಕ್ಕಿಂತ ದೊಡ್ಡ ಉಪಕಾರ ಬೇರೆ ಇರಲಿಲ್ಲ. ಸುಮ್ಮನೆ ಕೂತಿದ್ದರೆ ಆಪರೇಷನ್ ಎಂಬ ಮಾತೇ ತಲೆಯಲ್ಲಿ ಸುತ್ತುತ್ತಿತ್ತು. ಸೋಮವಾರದ ಲೆಕ್ಕ ಒಂದೂವರೆ ಲೀಟರ್ ದಾಟಿತು. ಮಂಗಳವಾರ ಅದರ ಅರ್ಧ. ಕಡಿಮೆಯಾಗುತ್ತಿರುವುದು ಒಳ್ಳೆಯದು, ಆದರೆ ಗಾಳಿ ಹೋಗಬೇಕು, ಅದು ಹೋದರೆ ಕರುಳು ಬಿಡಿಸಿಕೊಂಡಂತೆ ಎಂದರು ಸರ್ಜನ್. ಬುಧವಾರದವರೆಗೆ ನೋಡೋಣ ಎಂದರು.

ಗಾಳಿ ಹೋಯಿತೇ ಎಂದು ದಿನಕ್ಕೆ ನಾಲ್ಕು ಸಲ ಯಾರಾದರೂ ಬಂದು ಕೇಳುವುದು, ದೊಡ್ಡಪ್ಪ ನಾಚಿಕೊಂಡು ಛಾವಣಿ ನೋಡುವುದು. ಬುಧವಾರ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಅವರು ನನ್ನನ್ನು ಹತ್ತಿರ ಕರೆದು ಕಿವಿಯಲ್ಲಿ, "ಹೋಯ್ತು ಅಂತ ಬರ್ಕೋ," ಎಂದರು. ನಾನು ಬರೆದುಕೊಳ್ಳುವಷ್ಟರಲ್ಲಿ ದೊಡ್ಡಮ್ಮ ವಾರ್ಡಿನ ಆ ತುದಿಗೆ ಕೇಳುವಂತೆ ಕೂಗಿದರು: "ಸಿಸ್ಟರ್, ಹೋಯ್ತಂತೆ!"

"ನಿಧಾನ ಕಣೇ, ಮರ್ಯಾದೆ!" ಎಂದು ದೊಡ್ಡಪ್ಪ ಹೊದಿಕೆ ಎಳೆದುಕೊಂಡರು. ಹಗರೆಯವರ ಯಜಮಾನರು ತಮ್ಮ ಹಾಸಿಗೆಯಿಂದಲೇ, "ನಂದು ನೆನ್ನೇನೇ ಹೋಯ್ತು ಸಾಮೇರೇ, ನೀವು ಒಂದು ದಿನ ಹಿಂದೆ!" ಎಂದರು.

ಸಂಜೆ ನಳಿಕೆಯ ಬಾಯಿ ಮುಚ್ಚಿ ನೋಡಿದರು, ವಾಂತಿಯಾಗಲಿಲ್ಲ. ಗುರುವಾರ ಬೆಳಿಗ್ಗೆ ಉಸಿರು ಹಿಡಿದುಕೊಳ್ಳಲು ಹೇಳಿ ಸಿಸ್ಟರ್ ಅದನ್ನು ಒಂದೇ ಸಮನೆ ಎಳೆದು ತೆಗೆದರು. ಹಾಕಲು ಅಷ್ಟು ಕಷ್ಟಪಟ್ಟದ್ದು ಹೊರಬರಲು ನಾನು ಗಡಿಯಾರ ನೋಡುವಷ್ಟು ಹೊತ್ತೂ ಹಿಡಿಯಲಿಲ್ಲ. ಶುಕ್ರವಾರ ಗಂಜಿ ತಿಳಿ. ಶನಿವಾರ ಸರ್ಜನ್ ಬಂದು, "ಚಾಕು ಮುಟ್ಟಿಸದೆ ಕಳಿಸ್ತಿದೀನಿ, ನನಗೇ ಖುಷಿ," ಎಂದರು. ಮತ್ತೆ ಹೊಟ್ಟೆ ಉಬ್ಬರಿಸಿದರೆ ಕಷಾಯ ಕುಡಿಸುತ್ತಾ ಕೂರಬೇಡಿ, ತಕ್ಷಣ ಬನ್ನಿ ಎಂದು ದೊಡ್ಡಮ್ಮನಿಗೆ ಹೇಳಿದರು.

ಈಗ ದೊಡ್ಡಪ್ಪ ಮನೆಯಲ್ಲಿದ್ದಾರೆ. ನಾನು ಇದನ್ನು ಬರೆಯುತ್ತಿರುವಾಗ ಪಡಸಾಲೆಯಲ್ಲಿ ಪಕ್ಕದ ಮನೆಯ ಹುಡುಗಿಗೆ ಭಾಗಾಕಾರ ಹೇಳಿಕೊಡುತ್ತಿರುವುದು ಕೇಳಿಸುತ್ತಿದೆ. ಆ ದನಿ ಕೇಳಿಸಿದಾಗಲೆಲ್ಲ ಸ್ಟೂಲ್ ಎಳೆದುಕೊಂಡು ಕೂತ ಸಿಸ್ಟರ್ ನೆನಪಾಗುತ್ತಾರೆ. ಸರ್ಜನ್‌ರಿಂದ ಕೇಳಿ ಪಡೆದ ಹತ್ತು ನಿಮಿಷವನ್ನು ಅವರು ಕಾಫಿ, ಮಜ್ಜಿಗೆ, ಪಾಯಸ ಎಂದು ಕೇಳುವುದರಲ್ಲಿ ಕಳೆದರು. ನಮ್ಮ ಮನೆಯವರು ಹೇಗೆ ನುಂಗುತ್ತಾರೆ ಎಂದು ಅದಕ್ಕೆ ಮೊದಲು ಯಾರೂ ನಮ್ಮನ್ನು ಕೇಳಿರಲಿಲ್ಲ, ನಾವೂ ಯೋಚಿಸಿರಲಿಲ್ಲ.

ಶನಿವಾರ ಹೊರಡುವಾಗ ನಾನು ಅವರಿಗೆ ಕೈಮುಗಿದೆ. ಅವರು, "ಅದಿರಲಿ, ನೀವು ಬರೆದಿಡೋರು, ನನಗೊಂದು ವಿಚಾರಿಸಿ ಹೇಳಿ," ಎಂದರು. "ತೀರ್ಥ ತಗೊಂಡು ಗೊತ್ತಿಲ್ಲದೋರು ಬರ್ತಾರೆ, ಅವರಲ್ಲೂ ಎತ್ತಿ ಕುಡಿಯೋರು ಇರ್ತಾರೆ. ಅವರಿಗೆ ಏನು ಹೇಳ್ಲಿ? ಕೆಲವರಿಗೆ ಒಂದು ಹನಿ ನೀರೂ ಕೊಡೋ ಹಾಗಿರಲ್ಲ. ಅವರಿಗೆ ಬರೀ ಬಾಯಲ್ಲಿ ನುಂಗಿ ಅಂದ್ರೆ ನುಂಗಕ್ಕೇ ಬರಲ್ಲ. ಅವರಿಗೆ?"

ಅಂದಿನಿಂದ ಕೇಳುತ್ತಿದ್ದೇನೆ. ನಲ್ಲಿಗೆ ಬಗ್ಗಿ ಬೊಗಸೆಯಲ್ಲಿ ಕುಡಿಯುವುದನ್ನು ನೆನಪಿಸಿ ಎಂದು ಆಫೀಸಿನ ಸಹೋದ್ಯೋಗಿ ಹೇಳಿದರು. ಹುಣಸೆಹಣ್ಣಿನ ಹೆಸರು ಹೇಳಿದರೆ ಸಾಕು, ಬಾಯಲ್ಲಿ ನೀರೂರಿ ತಾನೇ ನುಂಗುತ್ತಾರೆ ಎಂದು ಹಗರೆಯ ತಾಯಿ ಫೋನಿನಲ್ಲಿ ಹೇಳಿದರು. ಎರಡನ್ನೂ ಬರೆದುಕೊಂಡಿದ್ದೇನೆ, ಆದರೆ ಎರಡನ್ನೂ ನಳಿಕೆಯೊಂದಿಗೆ ಯಾರೂ ಮಾಡಿ ನೋಡಿಲ್ಲ. ಎಚ್ಚರವಿದ್ದೇ ಮೂಗಿನ ನಳಿಕೆ ಹಾಕಿಸಿಕೊಂಡವರು, ಹಾಕಿದವರು, ಪಕ್ಕದಲ್ಲಿ ಕೈ ಹಿಡಿದು ಕೂತವರು ಇದನ್ನು ಓದುತ್ತಿದ್ದರೆ, ನಿಮಗೆ ನುಂಗಲು ಯಾವುದು ನೆರವಾಯಿತು ಎಂದು ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಎರಡು ಸಾಲಾದರೂ ಸಾಕು. ನೀರು ಕೊಟ್ಟಿದ್ದರೋ ಇಲ್ಲವೋ ಎಂಬುದನ್ನು ಮಾತ್ರ ಮರೆಯದೆ ತಿಳಿಸಿ; ಸಿಸ್ಟರ್ ಮೊದಲು ಕೇಳುವುದೇ ಅದನ್ನು.